ಕೂತವಳು ಕೇಳಿದ್ದು

ನಮ್ಮೂರಿನಲ್ಲಿ ಒಬ್ಬರೇ ಇದ್ದಾಗ ಯಾರಿಗೂ ಅಳು ಬರುವುದಿಲ್ಲ. ಎಷ್ಟೇ ದುಃಖವಿರಲಿ, ಬಾಗಿಲು ಹಾಕಿಕೊಂಡು ಕೂತರೆ ಗಂಟಲು ಕಟ್ಟುತ್ತದೆ, ಕಣ್ಣು ಉರಿಯುತ್ತದೆ, ಅಷ್ಟೆ; ಒಂದು ಹನಿ ಉದುರುವುದಿಲ್ಲ. ಪಕ್ಕದಲ್ಲಿ ಇನ್ನೊಬ್ಬರು ಬಂದು ಕೂತ ಮೇಲೇ ಕಣ್ಣಲ್ಲಿ ನೀರು. ಆ ಇನ್ನೊಬ್ಬರು ಮನುಷ್ಯರೇ ಆಗಬೇಕು. ನಾಯಿ, ಹಸು, ದೇವರ ಪಟ ಇವು ಯಾವುವೂ ಆಗುವುದಿಲ್ಲ ಎಂದು ನಮ್ಮ ಹಿರಿಯರು ಎಂದೋ ನೋಡಿ ಬಿಟ್ಟಿದ್ದಾರೆ. ಮೊಬೈಲು ಬಂದ ಹೊಸತರಲ್ಲಿ ಕೆಲವರು ವಿಡಿಯೋ ಕಾಲ್ ಮಾಡಿ ಪ್ರಯತ್ನಿಸಿದರು. ಬರೀ ಮೂಗು ಸೋರಿತಂತೆ.

ಹಾಗಾಗಿ ನಮ್ಮಲ್ಲಿ 'ಕೂರುವುದು' ಎಂದರೆ ಬರೀ ಕೂರುವುದಲ್ಲ. ಪಕ್ಕದ ಮನೆಯವರು ಬಾಗಿಲಿಗೆ ಬಂದು "ಸ್ವಲ್ಪ ಕೂತ್ಕೋತೀಯೇನಮ್ಮಾ?" ಎಂದರೆ ಒಲೆಯ ಮೇಲಿನ ಸಾರು ಇಳಿಸಿ ಹೋಗಬೇಕು. ಹೋಗುವಾಗ ಕೈಗೊಂದು ಕೆಲಸ ಒಯ್ಯುವುದು ಮರ್ಯಾದೆ. ಆರಿಸುವ ಅಕ್ಕಿಯೋ, ಬಿಡಿಸುವ ಅವರೆಕಾಯಿಯೋ, ಗುಂಡಿ ಹಾಕಬೇಕಾದ ಅಂಗಿಯೋ ಏನಾದರೂ ಸರಿ. ಅವರು ಅಳುತ್ತಾರೆ, ನಾವು ಅವರೆಕಾಯಿ ಬಿಡಿಸುತ್ತೇವೆ. ಮುಗಿದ ಮೇಲೆ ಅವರು ಮುಖ ತೊಳೆದುಕೊಂಡು ಬಂದು ಬೆಲ್ಲ, ನೀರು ಕೊಡುತ್ತಾರೆ. ಯಾಕೆ ಅತ್ತಿರಿ ಎಂದು ಮಾತ್ರ ಕೇಳುವಂತಿಲ್ಲ. 'ಕೂತವಳು ಕೇಳಬಾರದು, ಅತ್ತವಳು ಹೇಳಬೇಕಿಲ್ಲ' ಎಂಬುದು ನಮ್ಮೂರಿನ ಗಾದೆ. ಗಾದೆ ಮೀರಿದವರನ್ನು ನಾನು ನೋಡಿದ್ದೇನೆ. ನಮ್ಮ ಬೀದಿಯ ಶಾರದಮ್ಮನವರು ಒಮ್ಮೆ ಬಾಯಿ ತಡೆಯಲಾರದೆ ಕೇಳಿಬಿಟ್ಟರು. ಆಮೇಲೆ ಎರಡು ವರ್ಷ ಅವರ ಮನೆಗೆ ಯಾರೂ ಕೂರಲು ಹೋಗಲಿಲ್ಲ. ಅವರ ಯಜಮಾನರು ತೀರಿಕೊಂಡಾಗ ಮಗಳು ದೂರದೂರಿನಿಂದ ಬಂದು ಸೇರುವವರೆಗೆ ಆಕೆ ಒಣಗಣ್ಣಲ್ಲೇ ಅಡ್ಡಾಡಿದರು.

ನಾನು ಒಂಬತ್ತನೇ ವಯಸ್ಸಿನಿಂದ ಕೂತವಳು. ವನಮಾಲ ಚೆನ್ನಾಗಿ ಕೂರುತ್ತಾಳೆ, ಮಿಸುಕಾಡುವುದಿಲ್ಲ, ಮುಖ ನೋಡುವುದಿಲ್ಲ ಎಂದು ಎರಡು ಬೀದಿ ಆಚೆಯಿಂದಲೂ ಕರೆ ಬರುತ್ತಿತ್ತು. ಹಾಗಾಗಿ ಊರ ಹೊರಗಿನ ವಿಶ್ವವಿದ್ಯಾಲಯದಲ್ಲಿ ಮನಃಶಾಸ್ತ್ರದ ಎಂ.ಎಸ್ಸಿ.ಗೆ ಸೇರಿ, ಎರಡನೇ ವರ್ಷ ಅಲ್ಲಿನ ಕೌನ್ಸೆಲಿಂಗ್ ಸೆಂಟರಿನಲ್ಲಿ ತರಬೇತಿಗೆ ಹಾಕಿದಾಗ ಅರ್ಧ ಪಾಸಾದೆ ಎಂದೇ ಅಂದುಕೊಂಡಿದ್ದೆ.

ಸೆಂಟರ್ ಎಂದರೆ ಗ್ರಂಥಾಲಯದ ಹಿಂದೆ ಎರಡು ಕೋಣೆ. ಮೊದಲು ಸೈಕಲ್ ಸ್ಟ್ಯಾಂಡ್ ಆಗಿದ್ದ ಜಾಗ. ಅದನ್ನು ನಡೆಸುತ್ತಿದ್ದವರು, ನನ್ನಂಥ ನಾಲ್ವರು ಕಲಿಯುವವರ ಮೇಲ್ವಿಚಾರಣೆ ನೋಡುತ್ತಿದ್ದವರು ಡಾಕ್ಟರ್ ಐರಿನ್ ಲೋಬೊ. ಕರಾವಳಿಯವರು, ನಮ್ಮೂರಿಗೆ ಬಂದು ಹನ್ನೊಂದು ವರ್ಷವಾಗಿತ್ತು. ಮೊದಲ ದಿನವೇ ನನಗೆ ಹೇಳಿದರು: "ಈ ಊರಿನವರಿಗೆ ಕೂರುವುದು ಬರ್ತದೆ, ಅದು ದೊಡ್ಡ ವಿದ್ಯೆ, ನಾನು ಒಪ್ತೇನೆ. ಇಲ್ಲಿ ನೀನು ಕೇಳಲಿಕ್ಕೆ ಕಲಿಯಬೇಕು."

ಪ್ರತಿ ಭೇಟಿಯಾದ ಮೇಲೆ ನಡೆದದ್ದನ್ನು ಮಾತಿಗೆ ಮಾತು ಬರೆದು ಅವರಿಗೆ ತೋರಿಸಬೇಕಿತ್ತು. ಹಾಳೆಯಲ್ಲಿ ಉದ್ದಕ್ಕೆ ಗೆರೆ ಎಳೆದು ಮೂರು ಕಂಬ. ಬಂದವರು ಹೇಳಿದ್ದು ಒಂದರಲ್ಲಿ, ನಾನು ಹೇಳಿದ್ದು ಒಂದರಲ್ಲಿ, ಹೇಳಬೇಕೆನಿಸಿ ಹೇಳದೆ ಉಳಿಸಿಕೊಂಡದ್ದು ಮೂರನೆಯದರಲ್ಲಿ. ನನ್ನ ಹಾಳೆಗಳಲ್ಲಿ ನಡುವಿನ ಕಂಬ ಖಾಲಿ ಹೊಡೆಯುತ್ತಿತ್ತು. ಮೂರನೆಯದು ಅಂಚು ಮೀರಿ ತುಂಬುತ್ತಿತ್ತು.

ಗುರುಪಾದ ನನ್ನ ಬಳಿ ಬಂದದ್ದು ಅಕ್ಟೋಬರ್ ಇಪ್ಪತ್ತರ ನಂತರ. ಬಡಗಣ ಸೀಮೆಯ ಹುಡುಗ, ಇಪ್ಪತ್ತೆರಡು ವರ್ಷ, ಸಂಖ್ಯಾಶಾಸ್ತ್ರದ ಎಂ.ಎಸ್ಸಿ.ಗೆ ಸೇರಿ ಹಾಸ್ಟೆಲಿನಲ್ಲಿದ್ದ. ಉದ್ದ ಆಳು, ಅಂಗಿಯ ಗುಂಡಿ ಕೊರಳಿನವರೆಗೂ ಹಾಕಿಕೊಂಡಿದ್ದ. ಸೆಂಟರಿನ ಅರ್ಜಿಯಲ್ಲಿ 'ತೊಂದರೆ ಏನು' ಎಂಬಲ್ಲಿ 'ಕಣ್ಣುರಿ' ಎಂದು ಬರೆದಿದ್ದ. ಕಣ್ಣಿನ ಡಾಕ್ಟರರು ಎರಡು ಸಲ ನೋಡಿ, ನೀನು ಯಾವೂರವನಪ್ಪ ಎಂದು ವಿಚಾರಿಸಿ, ನಮ್ಮಲ್ಲಿಗೆ ಕಳಿಸಿದ್ದರು. ನಾನು ಕಲಿತಂತೆ ಮೊದಲು ಹೇಳಬೇಕಾದದ್ದನ್ನು ಹೇಳಿದೆ: ಇಲ್ಲಿ ಆಡಿದ ಮಾತು ಹೊರಗೆ ಹೋಗುವುದಿಲ್ಲ, ಜೀವಕ್ಕೆ ಅಪಾಯ ಎನಿಸಿದರೆ ಮಾತ್ರ ಬೇರೆಯವರಿಗೆ ತಿಳಿಸಬೇಕಾಗುತ್ತದೆ. ಅವನು ತಲೆಯಾಡಿಸಿದ.

"ಏನ್ರಿ ಮೇಡಂ ಇದು ನಿಮ್ಮ ಊರು?" ಎಂದ. "ನಮ್ಮ ಕಡೆ ನಾ ಬಚ್ಚಲದಾಗ ನಳ ಬಿಟ್ಟು ಅತ್ತು ಬರ್ತಿದ್ದೆ. ಯಾರಿಗೂ ಗೊತ್ತಾಗ್ತಿದ್ದಿಲ್ಲ. ಇಲ್ಲಿ ನಳದಾಗಷ್ಟ ನೀರು ಬರತೈತಿ."

"ಇಲ್ಲಿ ಅಳಬಹುದು. ನಾನು ಕೂತಿರ್ತೀನಿ."

"ಬ್ಯಾಡ್ರಿ," ಎಂದ, ಕುರ್ಚಿಯನ್ನು ಒಂದಿಷ್ಟು ಹಿಂದಕ್ಕೆ ಸರಿಸಿ. "ನಾ ಅಳೂದನ್ನ ಇವತ್ತಿನ ತನಕ ಯಾರೂ ನೋಡಿಲ್ಲ. ನೋಡೂದೂ ಬ್ಯಾಡ."

ಅವನು ಅದಕ್ಕೊಂದು ದಾರಿ ಕಂಡುಕೊಂಡಿದ್ದ. ಊರಿನಿಂದ ಹನ್ನೊಂದು ಕಿಲೋಮೀಟರಿಗೆ ಒಂದು ಹಳ್ಳವಿದೆ. ಅದರ ಸೇತುವೆ ದಾಟಿದರೆ ನಮ್ಮೂರಿನ ಕಟ್ಟಳೆ ಮುಗಿಯಿತು. ಅಲ್ಲಿ ಎಲ್ಲ ಊರುಗಳ ಹಾಗೆ ಒಬ್ಬರೇ ಕೂತು ಅಳಬಹುದು. ಅವನು ಪ್ರತಿ ಭಾನುವಾರ ಹತ್ತೂವರೆಯ ಬಸ್ಸಿಗೆ ಹೋಗಿ ಆಚೆ ದಡದಲ್ಲಿ ಇಳಿದು, ಜಾಲಿ ಪೊದೆಯ ಮರೆಯಲ್ಲಿ ಅರ್ಧ ಗಂಟೆ ಕೂತು, ಅದೇ ಬಸ್ಸು ತಿರುಗಿ ಬರುವಾಗ ಹತ್ತಿಕೊಳ್ಳುತ್ತಿದ್ದ. ಕಂಡಕ್ಟರಿಗೆ ಗೊತ್ತಿತ್ತು. ಅವನು ನಮ್ಮೂರವನು, ಕೇಳುವವನಲ್ಲ. ಕಿಟಕಿಯ ಪಕ್ಕದ ಸೀಟು ಬಿಡಿಸಿ ಕೊಡುತ್ತಿದ್ದನಂತೆ.

ಆರು ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ತಪ್ಪದೆ ಬಂದ. ಮೆಸ್ಸಿನ ಅನ್ನ, ರೂಮಿನವರ ಗೊರಕೆ, ಸಂಭವನೀಯತೆಯ ಲೆಕ್ಕ ಎಲ್ಲ ಹೇಳಿದ. ಆ ಹಳ್ಳದ ದಡದಲ್ಲಿ ಯಾವುದಕ್ಕೆ ಅಳುತ್ತಾನೆ ಎನ್ನುವುದೊಂದನ್ನು ಬಿಟ್ಟು. ನಾನು ಕೂತಿದ್ದೆ. ಆರು ಹಾಳೆಯ ಮೂರನೇ ಕಂಬದಲ್ಲೂ 'ಯಾಕೆ ಅಳುತ್ತೀರಿ?' ಎಂದೇ ಬರೆದಿದ್ದೆ.

ಲೋಬೊ ಮೇಡಂ ಕೆಂಪು ಪೆನ್ನಿನಲ್ಲಿ ಅದರ ಕೆಳಗೆ ಗೆರೆ ಎಳೆದರು. "ಇದನ್ನು ಯಾಕೆ ಕೇಳ್ಲಿಲ್ಲ?"

"ಬಾಯಿಗೆ ಬರಲ್ಲ ಮೇಡಂ."

"ಕೇಳಿದ್ರೆ ಎಂತ ಆಗ್ತದೆ?"

ನಾನು ಶಾರದಮ್ಮನವರ ಕಥೆ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು. ನಗಲಿಲ್ಲ. "ನಿನ್ನ ಹೆದರಿಕೆ ಸುಳ್ಳಲ್ಲ," ಎಂದರು. "ಆದ್ರೆ ಆ ಹುಡುಗ ನಿನ್ನ ಬೀದಿಯವನಲ್ಲ ಮಾರಾಯ್ತಿ. ಅವನು ಬಂದದ್ದೇ ಯಾರಾದ್ರೂ ಕೇಳಲಿ ಅಂತ ಇದ್ರೆ?"

ಏಳನೇ ಬುಧವಾರ, ಡಿಸೆಂಬರ್ ಮೊದಲ ವಾರ, ಗುರುಪಾದ ನಗುತ್ತಾ ಬಂದ. ಅವನ ಹಲ್ಲು ನಾನು ನೋಡಿದ್ದು ಅವತ್ತೇ ಮೊದಲು. ಮೇಲಿನ ಎರಡು ಹಲ್ಲಿನ ನಡುವೆ ಸಂದು. ಭಾನುವಾರ ಬಸ್ಸಿಗೆ ಹೋಗುವುದನ್ನು ಬಿಟ್ಟೆ ಎಂದ. ಕ್ಯಾಲ್ಕುಲೇಟರನ್ನು ರೂಮಿನವನಿಗೆ ಕೊಟ್ಟೆ, ಅವನ ಬಳಿ ಇರಲಿಲ್ಲ ಎಂದ. ಕಂಬಳಿಯನ್ನು ವಾಚ್‌ಮನ್ನಿಗೆ ಕೊಟ್ಟನಂತೆ. "ಹಗುರ ಅನಸಾಕತ್ತೈತ್ರಿ ಮೇಡಂ. ಇನ್ನ ನಿಮಗೂ ತ್ರಾಸ ಕೊಡೂದಿಲ್ಲ." ಹೋಗುವಾಗ ಬಾಗಿಲಲ್ಲಿ ನಿಂತು ಕೈಮುಗಿದ.

ನನಗೆ ಸಂತೋಷವಾಯಿತು. ಹಾಳೆಯ ಕೆಳಗೆ 'ಸುಧಾರಣೆ ಕಾಣುತ್ತಿದೆ' ಎಂದು ಬರೆದೆ. ಮೂರನೇ ಕಂಬದಲ್ಲಿ ಒಂದೇ ಸಾಲು ಬಂತು: 'ಕಂಬಳಿ ಯಾಕೆ ಕೊಟ್ಟಿರಿ? ಚಳಿ ಈಗ ತಾನೇ ಶುರುವಾಗಿದೆಯಲ್ಲ.'

ಮಧ್ಯಾಹ್ನ ಎರಡು ಗಂಟೆಗೆ ಲೋಬೊ ಮೇಡಂ ಹಾಳೆ ಓದುತ್ತಾ ಆ ಸಾಲಿನ ಹತ್ತಿರ ನಿಂತರು. ಪೆನ್ನಿನ ಮುಚ್ಚಳ ಹಾಕಿದರು.

"ವನಮಾಲಾ, ಈ ಸಾಲು ಬರೆದದ್ದು ನೀನೇ ಅಲ್ವಾ? ಇದನ್ನು ಬರೆದವಳಿಗೆ ಎಲ್ಲ ಗೊತ್ತುಂಟು. ಕೆಳಗೆ ಸುಧಾರಣೆ ಅಂತ ಬರೆದದ್ದು ಯಾರು?"

ತರಗತಿಯಲ್ಲಿ ಓದಿದ್ದೆ: ತಮ್ಮ ವಸ್ತುಗಳನ್ನು ಕೊಟ್ಟುಬಿಡುವುದು, ಇದ್ದಕ್ಕಿದ್ದಂತೆ ಹಗುರಾಗುವುದು, ಬೀಳ್ಕೊಡುವಂತೆ ಕೈಮುಗಿಯುವುದು. ಪರೀಕ್ಷೆಯಲ್ಲಿ ಅದನ್ನು ಬರೆದು ಎಂಟಕ್ಕೆ ಎಂಟು ಅಂಕ ತಗೊಂಡಿದ್ದೆ.

ಮೇಡಂ ಆಗಲೇ ಫೋನು ಎತ್ತಿದ್ದರು. ವಾರ್ಡನ್ನರು ಆಳು ಕಳಿಸಿ ನೋಡಿಸಿ, ಹುಡುಗ ರೂಮಿನಲ್ಲೇ ಇದ್ದಾನೆ, ಬಟ್ಟೆ ಮಡಿಸುತ್ತಿದ್ದಾನೆ ಎಂದರು. "ನಾವು ಬರುವವರೆಗೆ ಅವನ ಬಾಗಿಲ ಹತ್ರ ಯಾರಾದ್ರೂ ಇರ್ಲಿ," ಎಂದು ಹೇಳಿ ಫೋನಿಟ್ಟು ಚಪ್ಪಲಿ ಮೆಟ್ಟಿದರು. "ನಾನೇ ಕೇಳಬಹುದು, ನನಗೆ ಅಭ್ಯಾಸ ಉಂಟು. ಆದ್ರೆ ಏಳು ವಾರ ಅವನು ಬಂದದ್ದು ನಿನ್ನ ಹತ್ರ. ನಾನು ಪಕ್ಕದಲ್ಲೇ ಇರ್ತೇನೆ. ನಿನ್ನಿಂದ ಆಗದಿದ್ರೆ ನಾನು ಕೇಳ್ತೇನೆ. ಹಾಸ್ಟೆಲಿಗೆ ಹತ್ತು ನಿಮಿಷದ ದಾರಿ. ಹೇಳಿ ಹೇಳಿ ನಾಲಿಗೆಗೆ ರೂಢಿ ಮಾಡಿಕೋ."

ನಡೆಯುತ್ತಾ ಶುರು ಮಾಡಿದೆ. "ಗುರುಪಾದ, ನಿಮಗೆ ತುಂಬಾ ಬೇಜಾರಾಗಿ..."

"ಬೇಜಾರು ಬೇಡ."

"ನಿಮಗೆ ಯಾವಾಗಲಾದರೂ... ಇದೆಲ್ಲ ಸಾಕು ಅಂತ..."

"ಸಾಕು ಅಂದ್ರೆ ಊಟಕ್ಕೂ ಹೇಳ್ತಾರೆ. ಸಾಯುವುದು ಅಂತ ಹೇಳು. ನೀನೇ ಆ ಶಬ್ದಕ್ಕೆ ಹೆದರಿದ್ರೆ ಅವನು ಯಾರ ಹತ್ರ ಹೇಳ್ಬೇಕು?"

ಗ್ರಂಥಾಲಯದ ಗೋಡೆ ದಾಟಿದೆವು. ಮತ್ತೆ ಮತ್ತೆ ಪ್ರಯತ್ನಿಸಿದೆ. ಮಾತು ಹಲ್ಲಿನವರೆಗೆ ಬಂದು ವಾಪಸು ಹೋಗುತ್ತಿತ್ತು. ಬಾಬಾಜಾನ್ ಅವರ ಜೆರಾಕ್ಸ್ ಅಂಗಡಿಯ ಮುಂದೆ ಬಂದಾಗ, ಸಿಟ್ಟು ಬಂದು, ಒಂದೇ ಉಸಿರಿಗೆ ಜೋರಾಗಿ ಹೇಳಿಬಿಟ್ಟೆ: "ನಿಮಗೆ ಸಾಯಬೇಕು ಅನ್ನಿಸುತ್ತಾ?"

ಯಂತ್ರದ ಮೇಲೆ ಬಗ್ಗಿದ್ದ ಬಾಬಾಜಾನ್ ತಲೆ ಎತ್ತಿದರು. ಅರವತ್ತರ ಸಮೀಪದ ಮನುಷ್ಯ, ನನ್ನ ನೋಟ್ಸೆಲ್ಲ ಅವರ ಕೈಯಲ್ಲೇ ಪ್ರತಿಯಾಗಿದ್ದು. "ನನಗಾ ತಾಯಿ?" ಎಂದರು.

ನಾನು ನಾಚಿಕೆಯಿಂದ ಕುಗ್ಗಿ ಹೋದೆ. "ಇಲ್ಲ ಬಾಬಣ್ಣ, ನಿಮಗಲ್ಲ..."

ಅವರು ಮಾತ್ರ ಯೋಚಿಸುತ್ತಿದ್ದರು. ಕೈಯಲ್ಲಿದ್ದ ಹಾಳೆಯ ಅಂಚು ಸರಿಮಾಡಿಕೊಂಡರು. "ಈಗಿಲ್ಲಮ್ಮ. ಹೋದ ವರ್ಷದ ಹಿಂದಿನ ವರ್ಷ ಅನ್ನಿಸಿತ್ತು, ಈ ಅಂಗಡಿ ಎತ್ತಿಸ್ತೀವಿ ಅಂತ ನೋಟೀಸ್ ಕೊಟ್ಟಿದ್ರಲ್ಲ, ಆವಾಗ. ಎಷ್ಟೊಂದು ಜನ ಬಂದು ಕೂತ್ರು ಅಂತೀಯ! ಒಳ್ಳೇವ್ರು ಎಲ್ರೂ. ಯಾರೂ ಕೇಳ್ಲಿಲ್ಲ." ಸ್ವಲ್ಪ ತಡೆದು, "ಕೇಳಿದ್ದಿದ್ರೆ ಹೇಳ್ತಿದ್ದೆ," ಎಂದರು.

ಲೋಬೊ ಮೇಡಂ ಅಂಗಡಿಯ ಕಟ್ಟೆಗೆ ಕೈಯೂರಿ ನಿಂತರು. "ಬಾಬಣ್ಣ, ನಾಳೆ ಮಧ್ಯಾಹ್ನ ನಾನು ಇಲ್ಲಿಗೆ ಬರ್ತೇನೆ. ನೀವು ಆಗ ಹೇಳದ್ದನ್ನು ಹೇಳಿ. ಕೇಳ್ತೇನೆ." ಅವರು ಹೂಂ ಎಂದರು. ನಾವು ಮುಂದೆ ನಡೆದೆವು. ಹಾಸ್ಟೆಲ್ ಗೇಟು ಮುಟ್ಟುವವರೆಗೆ ನಾನು ಮತ್ತೆ ಅಭ್ಯಾಸ ಮಾಡಲಿಲ್ಲ. ಬೇಕೆನಿಸಲಿಲ್ಲ.

ಗುರುಪಾದನ ರೂಮಿನಲ್ಲಿ ಎರಡು ಮಂಚ. ಅವನದರ ಮೇಲೆ ಬರೀ ಚಾಪೆ. ಮಡಿಸಿದ ಬಟ್ಟೆ ಟ್ರಂಕಿನೊಳಗೆ ಸಾಲಾಗಿತ್ತು. ನಮ್ಮನ್ನು ನೋಡಿ ಎದ್ದು ನಿಂತ. "ಏನ್ರಿ ಮೇಡಂ? ಬೆಳಿಗ್ಗೆನ ಬಂದಿದ್ದೆನಲ್ರಿ?"

ನಾನು ಎದುರಿನ ಮಂಚದ ಮೇಲೆ ಕೂತೆ. ಲೋಬೊ ಮೇಡಂ ನನ್ನ ಪಕ್ಕ ಕೂತರು, ಮಾತಾಡಲಿಲ್ಲ. ಅವನೂ ಕೂತ. ಸುಮ್ಮನಿರುವುದು ನನಗೆ ಎಷ್ಟು ಸುಲಭವಿತ್ತು! ಹಾಗೇ ಕೂತಿದ್ದರೆ ಸಂಜೆಯವರೆಗೂ ಕೂತಿರುತ್ತಿದ್ದೆ. ಅವನೂ ಕೂತಿರುತ್ತಿದ್ದ, ನಗುತ್ತಾ ಬೀಳ್ಕೊಡುತ್ತಿದ್ದ.

"ಗುರುಪಾದ," ಎಂದೆ. ನನ್ನ ದನಿ ನನಗೇ ಬೇರೆಯವರದ್ದೆನಿಸಿತು. "ನಿಮಗೆ ಸಾಯಬೇಕು ಅನ್ನಿಸುತ್ತಾ?"

ಅವನು ಸಿಟ್ಟಾಗಲಿಲ್ಲ. ಬೆಚ್ಚಲೂ ಇಲ್ಲ. ಕೊರಳಿನ ಗುಂಡಿಗೆ ಕೈ ಹೋಯಿತು, ಅದನ್ನು ಬಿಚ್ಚಿದ.

"ಹೂನ್ರಿ," ಎಂದ.

"ಯಾವಾಗಿಂದ?"

"ದೀಪಾವಳಿಗೆ ಊರಿಗೆ ಹೋಗಿ ಬಂದಾಗಿಂದ."

"ಯಾವಾಗ ಅಂತ ಏನಾದ್ರೂ ಅಂದ್ಕೊಂಡಿದ್ದೀರಾ?"

"ಶನಿವಾರ."

ಅಂದು ಬುಧವಾರ. ಉಳಿದದ್ದನ್ನೂ ಕೇಳಿದೆ, ಅವನು ಹೇಳಿದ. ಅದನ್ನು ನಾನಿಲ್ಲಿ ಬರೆಯುವುದಿಲ್ಲ. ಒಂದು ಸಲ ಕೇಳಿದ ಮೇಲೆ ಉಳಿದ ಪ್ರಶ್ನೆಗಳು ತಾವಾಗಿ ಬಂದವು. ಮೊದಲ ವಾರದಿಂದ ಮೂರನೇ ಕಂಬದಲ್ಲಿ ಕೂತಿದ್ದನ್ನೂ ಕೇಳಿದೆ. "ಆ ಹಳ್ಳದ ಹತ್ರ ಹೋಗಿ ಯಾಕೆ ಅಳ್ತಿದ್ರಿ?"

ಅವನು ಹೇಳಿದ್ದು ಇಷ್ಟು. ಮೇ ತಿಂಗಳಲ್ಲಿ ಡಿಗ್ರಿಯ ಕೊನೆಯ ಪರೀಕ್ಷೆಗೆಂದು ಪಟ್ಟಣದಲ್ಲಿ ಉಳಿದಿದ್ದ. ಸೋಮವಾರ, ಮಂಗಳವಾರ, ಬುಧವಾರ ಮೂರು ಪೇಪರು. ಸೋಮವಾರ ಸಂಜೆ ಮನೆಗೆ ಫೋನು ಮಾಡಿದ. ಅಪ್ಪ ಎತ್ತಿದರು. ಅವ್ವನಿಗೆ ಕೊಡು ಎಂದರೆ, ಮಲಕೊಂಡಾಳ, ನೀ ಓದ್ಕೊ ಎಂದರು. ಮಂಗಳವಾರವೂ ಹಾಗೇ. ಗುರುವಾರ ಊರಿಗೆ ಹೋಗಿ ಬಸ್ಸಿಳಿದರೆ ಹೋಟೆಲಿನವನು ಅವನ ಮುಖ ನೋಡಿ ತಲೆ ತಗ್ಗಿಸಿದ. ಅವ್ವ ನೀಲವ್ವ ಸೋಮವಾರ ಬೆಳಗಿನ ಜಾವವೇ ತೀರಿಕೊಂಡಿದ್ದಳು. ಅಂದು ಮಧ್ಯಾಹ್ನವೇ ಮಣ್ಣು ಮಾಡಿದ್ದರು.

"ಮನ್ಯಾಗ ಎಲ್ಲಾರೂ ಅತ್ತು ಮುಗಿಸಿದ್ರು ಮೇಡಂ," ಎಂದ. "ನಾ ಒಬ್ಬಾವನ ಉಳದಿದ್ದೆ. ಅಪ್ಪ ಅಂದ, ಅಳಬ್ಯಾಡೋ, ಅಕಿ ನಿನ್ನ ರಿಸಲ್ಟ್ ನೋಡಬೇಕಂತಿದ್ಲು ಅಂತ. ರಿಸಲ್ಟ್ ಚಲೋ ಬಂತು. ಆ ಮಾರ್ಕ್ಸಿನ ಮ್ಯಾಲೆನ ಇಲ್ಲಿ ಸೀಟು ಸಿಕ್ಕೈತಿ. ಕ್ಲಾಸಿನ್ಯಾಗ ಕುಂತಾಗೆಲ್ಲ ಅನಸ್ತೈತಿ, ನಾ ಆ ಪೇಪರ್ ಬರೆಯುವಾಗ ಅಕಿ ಮುಖದ ಮ್ಯಾಲೆ ಮಣ್ಣು ಹಾಕ್ಲಿಕ್ಕತ್ತಿದ್ರು ಅಂತ. ದೀಪಾವಳಿಗೆ ಹೋದರ ಯಾರೂ ಅಕಿ ಹೆಸರ ಎತ್ತಲಿಲ್ಲ. ಆ ಮೂರು ದಿನ ಏನಾತು ಅಂತ ನನಗ ಈಗಲೂ ಗೊತ್ತಿಲ್ರಿ."

ಅಷ್ಟು ಹೇಳಿಯೂ ಅವನ ಕಣ್ಣು ಒಣಗಿಯೇ ಇತ್ತು. ಎದುರಿಗೆ ನಾವಿಬ್ಬರಿದ್ದೆವು. ಬಿಟ್ಟರೆ ಬರುತ್ತಿತ್ತು, ಅವನು ಬಿಡಲಿಲ್ಲ.

ಆಗ ಲೋಬೊ ಮೇಡಂ ಮಾತಾಡಿದರು. ಇವತ್ತು ಅವನನ್ನು ಒಬ್ಬನೇ ಬಿಡುವುದಿಲ್ಲ, ಈಗಲೇ ಆರೋಗ್ಯ ಕೇಂದ್ರದ ಮನೋವೈದ್ಯರ ಬಳಿ ಹೋಗೋಣ, ಅಪ್ಪನಿಗೆ ತಿಳಿಸಬೇಕು ಎಂದರು. ಅವನು ಬೇಡವೆಂದ. "ಅಪ್ಪಾಗ ಹೇಳಬ್ಯಾಡ್ರಿ. ಅಂವ ನನಗ ಹೇಳಿದ್ನೇನು?"

"ಮಗೂ, ಜೀವದ ಪ್ರಶ್ನೆ ಬಂದ್ರೆ ಹೇಳ್ಬೇಕಾಗ್ತದೆ ಅಂತ ಮೊದಲ ದಿನವೇ ವನಮಾಲ ತಿಳಿಸಿದ್ಳಲ್ಲ. ಈಗ ಅದೇ ಬಂದದ್ದು. ನಾನು ಫೋನ್ ಮಾಡ್ತೇನೆ. ನಿನ್ನ ಎದುರೇ ಮಾಡ್ತೇನೆ. ನಾನು ಎಂತ ಹೇಳ್ತೇನೆ, ಅವರು ಎಂತ ಹೇಳ್ತಾರೆ, ಎಲ್ಲ ನಿನಗೆ ಕೇಳ್ಬೇಕು. ನಿನ್ನಿಂದ ಮುಚ್ಚಿಟ್ಟು ಇನ್ನು ಯಾವುದೂ ನಡೆಯುವುದಿಲ್ಲ."

ಅವನು ಮೇಡಂ ಮುಖವನ್ನು ಸ್ವಲ್ಪ ಹೊತ್ತು ನೋಡಿ ನಂಬರು ಹೇಳಿದ.

ಮುಂದೆ ಅವನ ಗತಿ ಏನಾಯಿತೋ ಎಂದು ಓದುವವರು ಹೆದರುವುದು ಬೇಡ, ಈಗಲೇ ಹೇಳಿಬಿಡುತ್ತೇನೆ. ಗುರುಪಾದ ಇದ್ದಾನೆ. ಆ ಸೆಮಿಸ್ಟರ್ ಬಿಟ್ಟು ಊರಿಗೆ ಹೋದ, ಕೆಲವು ತಿಂಗಳು ಮಾತ್ರೆ ತಗೊಂಡ, ಮುಂದಿನ ವರ್ಷ ಕಿರಿಯರ ಜೊತೆ ಬಂದು ಕೂತು ಓದು ಮುಗಿಸಿದ. ನಡುವೆ ಎರಡು ಸಲ ಮನಸ್ಸು ಮತ್ತೆ ಕುಸಿಯಿತು, ಎರಡೂ ಸಲ ತಾನೇ ಫೋನು ಮಾಡಿ ಹೇಳಿದ. ಈಗ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತಾನೆ. ನನಗೂ ಸ್ವಲ್ಪ ಬಿಸಿ ತಟ್ಟಿತು. ನಾನು ಬಾಯಿಬಿಟ್ಟು ಕೇಳಿದ ಸುದ್ದಿ ಊರಲ್ಲಿ ಹಬ್ಬಿ, ನಮ್ಮ ಬೀದಿಯವರು ನನ್ನನ್ನು ಕೂರಲು ಕರೆಯುವುದನ್ನು ನಿಲ್ಲಿಸಿದರು. ಅಮ್ಮ ಒಂದು ತಿಂಗಳು ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಸಂಕ್ರಾಂತಿ ಕಳೆದ ಮೇಲೆ ಒಂದು ಮಧ್ಯಾಹ್ನ ಮೂರನೇ ಬೀದಿಯ ಹೆಂಗಸೊಬ್ಬರು ಬಂದು, ಬಾಗಿಲಲ್ಲೇ ನಿಂತು, "ಕೇಳೋ ಹುಡುಗಿ ಇದೇ ಮನೆಯಲ್ವಾ?" ಎಂದರು. ಅಮ್ಮ ಏನೂ ಹೇಳದೆ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

ಆದರೆ ನಾನು ಹೇಳಬೇಕಾದದ್ದು ಆ ಬುಧವಾರದ ಮರುದಿನ, ಗುರುವಾರ ಬೆಳಗಿನದು.

ಆರೋಗ್ಯ ಕೇಂದ್ರದಲ್ಲಿ ಅವನನ್ನು ಒಳರೋಗಿಯಾಗಿ ಇರಿಸಿಕೊಂಡಿದ್ದರು. ಎಂಟೂವರೆಗೆ ಅವನಪ್ಪ ಸಂಗಪ್ಪ ಬಂದರು. ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟುಕೊಂಡವರು. ಗಿಡ್ಡ ಆಳು, ಉಗುರ ಸಂದಿಯಲ್ಲಿ ವಾರ್ನಿಶ್ಶಿನ ಕಪ್ಪು. ಕೆಲಸದ ಅಂಗಿಯಲ್ಲೇ ಬಸ್ಸು ಹತ್ತಿ ಬಂದಿದ್ದರು. ಕಾರಿಡಾರಿನಲ್ಲಿ ನಮ್ಮಿಬ್ಬರಿಗೂ ನಮಸ್ಕಾರ ಹೇಳಿ, ಬಾಗಿಲ ಕಡೆ ನೋಡಿ, ನಿಂತೇ ಇದ್ದರು.

"ಹುಡುಗಗ ಧೈರ್ಯ ಹೇಳ್ತೇನ್ರಿ ಮೇಡಂ," ಎಂದರು. "ಏನೂ ಆಗೂದಿಲ್ಲ, ನಾ ಅದೇನಿ ಅಂತ."

ಲೋಬೊ ಮೇಡಂ ನನ್ನ ಕಡೆ ನೋಡಿದರು. ಉತ್ತರ ನಾನು ಹೇಳಬೇಕಿತ್ತು.

"ಧೈರ್ಯ ಬೇಡ ಯಜಮಾನ್ರೇ," ಎಂದೆ. "ಅವರು ನಿಮ್ಮನ್ನ ಒಂದು ವಿಷಯ ಕೇಳಬೇಕು ಅಂತಿದ್ದಾರೆ. ಇದ್ದದ್ದು ಇದ್ದ ಹಾಗೆ ಹೇಳಿ. ಸಾಕು."

"ಬೈತಾನೇನ್ರಿ?"

"ಗೊತ್ತಿಲ್ಲ."

"ಬೈದರ ಬೈಲಿ ಬಿಡ್ರಿ," ಎಂದು ಅಂಗಿಗೆ ಕೈ ಒರೆಸಿಕೊಂಡರು.

ಒಳಗೆ ಹೋದೆವು. ಲೋಬೊ ಮೇಡಂ ಹೊರಗೇ ಉಳಿದರು. ಗುರುಪಾದ ಮಂಚದ ಮೇಲೆ ಎದ್ದು ಕೂತಿದ್ದ. ಅಪ್ಪ ಸ್ಟೂಲಿನ ಮೇಲೆ ಕೂತರು, ನಾನು ಕಿಟಕಿಯ ಹತ್ತಿರ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಗುರುಪಾದ ನನ್ನ ಕಡೆ ನೋಡಿದ. ನಾನು ತಲೆಯಾಡಿಸಿದೆ.

"ಸೋಮವಾರ ಏನಾತು ಹೇಳು," ಎಂದ. "ಮೊದಲಿಂದ."

ಸಂಗಪ್ಪ ಗಂಟಲು ಸರಿಮಾಡಿಕೊಂಡರು. "ನಸಿಕಿನ್ಯಾಗ ಎದಿ ನೋಯತೈತಿ ಅಂದ್ಲು. ಅಕಿ ಎಂದೂ ಹಂಗ ಅಂದಾಕಿ ಅಲ್ಲ. ನಾ ಓಡಿ ಹೋಗಿ ಹುಸೇನಪ್ಪನ ಟಂಟಂ ಗಾಡಿ ತಂದೆ. ತೊಡಿಮ್ಯಾಲೆ ಹಾಕ್ಕೊಂಡು ಕುಂತಿದ್ದೆ. ಕೆರಿ ಏರಿ ಹತ್ತುವಾಗ ಕಣ್ಣ ತಗದು, ಗುರ್ಯಾಗ ಹೇಳಬ್ಯಾಡ್ರಿ, ಪೇಪರ್ ಮುಗೀಲಿ ಅಂದ್ಲು. ಅದ ಕಡೀ ಮಾತು."

ಗುರುಪಾದ ತಲೆಯೆತ್ತಿದ. "ಅವ್ವ ಅಂದ್ಲು?"

"ಹೂಂ."

"ಮತ್ತ ಇಷ್ಟ ದಿನ ಇದನ್ಯಾಕ ಹೇಳಲಿಲ್ಲ ನೀ? ನಾ ನಿನ್ನ ಮ್ಯಾಲೆ..."

"ಗೊತ್ತೈತೋ. ಹೇಳಿದ್ರ ಅಕಿ ಮ್ಯಾಲೆ ಸಿಟ್ಟಾಗ್ತಿದ್ದಿ. ಸತ್ತಾಕಿ ಮ್ಯಾಲಿನ ಸಿಟ್ಟು ಎಲ್ಲಿ ಹೋಗಿ ತೀರಿಸ್ತಿ? ನನ್ನ ಮ್ಯಾಲೆ ಆಗಲಿ ಬಿಡು, ನಾ ಇನ್ನಾ ಇದ್ದೇನಲ್ಲ ಅಂದ್ಕೊಂಡೆ."

ಹೊರಗೆ ಯಾರೋ ಬಕೆಟ್ಟು ಎಳೆದುಕೊಂಡು ಹೋದರು.

"ಸಂಜಿಕ ಫೋನ್ ಮಾಡಿದಾಗ, ಮಲಕೊಂಡಾಳ ಅಂದಿ."

"ಅಂದೆ. ಮಣ್ಣು ಕೊಟ್ಟು ಬಂದು ಇನ್ನಾ ಜಳಕಾ ಸೈತ ಮಾಡಿದ್ದಿಲ್ಲ. ನಿನ್ನ ದನಿ ಕೇಳಿ ಬ್ಯಾರೆ ಏನೂ ಬಾಯಿಗೆ ಬರಲಿಲ್ಲ."

"ಯಾರ್ಯಾರು ಬಂದಿದ್ರು?"

ಸಂಗಪ್ಪ ಹೆಸರು ಹೇಳುತ್ತಾ ಹೋದರು. ಸೋದರತ್ತೆಯರು, ಓಣಿಯವರು, ಅಂಗಡಿಯ ಪಕ್ಕದ ಟೇಲರ್. ಗುರುಪಾದ ಒಂದೊಂದು ಹೆಸರಿಗೂ ತಲೆಯಾಡಿಸುತ್ತಿದ್ದ, ಹಾಜರಿ ತಗೊಳ್ಳುವ ಮೇಷ್ಟರ ಹಾಗೆ. ಸ್ವಾಮಿಗಳು ಎಷ್ಟು ಹೊತ್ತಿಗೆ ಬಂದರು, ವಿಭೂತಿ ಯಾರು ಹಚ್ಚಿದರು, ಕುಣಿ ಎಲ್ಲಿ ತೋಡಿದರು ಎಲ್ಲ ಕೇಳಿದ. ಅಪ್ಪ ಒಂದನ್ನೂ ಬಿಡದೆ ಹೇಳಿದರು.

"ಏನ್ ಉಡಿಸಿದ್ರಿ?"

"ಮುತ್ತೈದಿ ಅಲ್ಲೇನು, ಹಸರ ಸೀರಿ ಉಡಿಸಿದ್ರು. ಟ್ರಂಕಿನ್ಯಾಗ ಮ್ಯಾಲೆ ಇತ್ತು ನೋಡು, ಗಿಣಿ ಹಸರಿಂದು."

"ಗಿಣಿ ಹಸರಿಂದಾ?" ಗುರುಪಾದನ ದನಿ ಒಡೆಯಿತು. "ಅಪ್ಪಾ, ಅದು ಅಕಿಗೆ ಸೇರತಿದ್ದಿಲ್ಲ. ಮೈ ಚುಚ್ಚತೈತಿ ಅಂತಿದ್ಲು. ಕೆಳಗ ಇನ್ನೊಂದು ಇತ್ತು, ಎಲಿ ಹಸರಿಂದು, ಮೆತ್ತಂದು. ಅದು ಸೇರತಿತ್ತು."

ಸಂಗಪ್ಪ ಮಗನ ಮುಖ ನೋಡಿದರು. ಬಂದ ಮೇಲೆ ಅದೇ ಮೊದಲು.

"ನನಗ ಗೊತ್ತಿದ್ದಿಲ್ಲೋ ಯಪ್ಪಾ," ಎಂದರು. "ಅಲ್ಲಿ ಯಾರಿಗೂ ಗೊತ್ತಿದ್ದಿಲ್ಲ. ನೀ ಇದ್ದಿದ್ರ ಹೇಳ್ತಿದ್ದಿ."

ಗುರುಪಾದ ಮುಂದಕ್ಕೆ ಬಾಗಿ ಅಪ್ಪನ ಅಂಗಿಯ ತೋಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡ, ಹಣೆ ಅವರ ಹೆಗಲಿಗೆ ತಾಗಿತು. ಏಳು ತಿಂಗಳ ಅಳು ಸದ್ದು ಮಾಡಿಕೊಂಡೇ ಬಂತು. ಸಂಗಪ್ಪನೂ ಅಳುತ್ತಿದ್ದರು. ಒಂದು ಕೈಯಿಂದ ಮಗನ ಬೆನ್ನು ಸವರುತ್ತಾ, "ತಪ್ಪಾತು, ಮೆತ್ತಂದ ಉಡಿಸಬೇಕಿತ್ತು, ತಪ್ಪಾತು," ಎನ್ನುತ್ತಿದ್ದರು.

ನಾನು ಎದ್ದು, ಸದ್ದಾಗದಂತೆ ಬಾಗಿಲು ಎಳೆದುಕೊಂಡು ಹೊರಗೆ ಬಂದೆ.

ಲೋಬೊ ಮೇಡಂ ಬೆಂಚಿನ ಮೇಲೆ ಕೂತು ಲೋಟದಲ್ಲಿ ಚಹಾ ಕುಡಿಯುತ್ತಿದ್ದರು. "ಎದ್ದು ಬಂದ್ಯಾ?" ಎಂದರು.

"ಒಳಗೆ ಇಬ್ಬರಿದ್ದಾರಲ್ಲ ಮೇಡಂ."

ಅವರು ಸರಿದು ನನಗೆ ಜಾಗ ಮಾಡಿಕೊಟ್ಟರು. ಬಹಳ ಹೊತ್ತು ಕೂತಿದ್ದೆವು. ಬಾಗಿಲಾಚೆಯ ಅಳು ಇಳಿಯಿತು, ಯಾರೋ ಮೂಗು ಒರೆಸಿಕೊಂಡರು, ಸಂಗಪ್ಪನವರ ದನಿ ಮತ್ತೆ ಶುರುವಾಯಿತು. ಅವರು ಮಂಗಳವಾರಕ್ಕೆ ಬಂದಿದ್ದರು.